ಬೋರಲು ಹಾಕಿದ ಕುಂಡ

"ಕೈ ತೆಗೀರಿ!"

ದನಿ ಕೇಳಿ ಅವಳು ತಲೆಯೆತ್ತುವಷ್ಟರಲ್ಲಿ ಒಂದು ಒರಟು ಕೈ ಅವಳ ಮಣಿಕಟ್ಟನ್ನು ಹಿಡಿದಾಗಿತ್ತು.

ಅವಳ ಕೈಯಲ್ಲಿ ಒಂದು ಗಿಡವಿತ್ತು. ಈಗಷ್ಟೇ ಕುಂಡದಿಂದ ಕಿತ್ತದ್ದು. ಬೇರು ಗಾಳಿಯಲ್ಲಿ ನೇತಾಡುತ್ತಿತ್ತು, ಅರ್ಧ ಮಣ್ಣು ನರ್ಸರಿಯ ಮೇಜಿನ ಮೇಲೆ, ಇನ್ನರ್ಧ ಎದುರಿಗಿದ್ದವನ ಅಂಗಿಯ ಮೇಲೆ!

"ನೀವು ಕೈ ತೆಗೀರಿ ಮೊದ್ಲು," ಅಂದಳು ಅವಳು, ಕಣ್ಣು ಕೆಂಪಗೆ ಮಾಡಿಕೊಂಡು.

"ನಾನು ಗಿಡ ತೋರಿಸೋಕೆ ತಂದಿದ್ದು. ಕೊಲ್ಲಿಸೋಕಲ್ಲ!"

"ಕೊಲ್ತಿರೋದು ನಾನಲ್ಲ ಸ್ವಾಮಿ, ನೀವು! ಈ ಮಣ್ಣಿಗೆ ಏನು ಹಾಕಿದೀರಿ?"

"ಗೊಬ್ಬರ. ಒಳ್ಳೇ ಗೊಬ್ಬರ. ಒಂದು ಸಲಾನೂ ತಪ್ಪಿಸಿಲ್ಲ..."

"ನೀರು?"

"ಎರಡು ಹೊತ್ತೂ."

ಅವಳು ಹಣೆ ಚಚ್ಚಿಕೊಂಡಳು. ಕೈಯಲ್ಲಿದ್ದ ಮಣ್ಣು ಹಣೆಗೂ ಅಂಟಿತು.

"ಇದು ಗಾಳಿಕಂಟಿ ಕಣ್ರೀ. ಬೆಟ್ಟದ ಮೇಲೆ, ಮರಗಳೆಲ್ಲಾ ಸೋತು ನಿಂತ ಜಾಗದಿಂದ ಆಚೆ ಬೆಳೆಯೋದು. ಅಲ್ಲಿರೋದು ಜಲ್ಲಿ, ಹುಳಿ ಮಣ್ಣು, ಗಾಳಿ. ಅಷ್ಟೇ. ಅತಿಯಾದ್ರೆ ಅಮೃತಾನೂ ವಿಷ ಅಂತ ಕೇಳಿಲ್ವಾ? ನೀವು ಪ್ರೀತಿ ಮಾಡಿ ಮಾಡೀನೇ ಇದನ್ನ ಮುಗಿಸ್ತಿದ್ರಿ!"

ಅವನ ಕೈ ಸಡಿಲವಾಯಿತು. ಎತ್ತರದ ಆಳು, ಕಲ್ಲಿನ ಪುಡಿ ಹತ್ತಿದ ರೆಪ್ಪೆಗಳು. ಬೈಸಿಕೊಂಡ ಮಗುವಿನ ಹಾಗೆ ನಿಂತುಬಿಟ್ಟ.

"ಗೊತ್ತಿರ್ಲಿಲ್ಲ," ಅಂದ ಮೆಲ್ಲಗೆ. "ಬದುಕುತ್ತಾ?"

ಆ ಒಂದು ಮಾತಿಗೆ ಅವಳ ಸಿಟ್ಟೆಲ್ಲ ಇಳಿದು ಹೋಯಿತು. ಯಾಕೋ ಗೊತ್ತಿಲ್ಲ! ದಿನಕ್ಕೆ ಹತ್ತಾರು ಜನ ಅದೇ ಪ್ರಶ್ನೆ ಕೇಳುತ್ತಾರೆ. ಆದರೆ ಇವನು ಕೇಳಿದಾಗ, ಗಿಡವನ್ನು ಬಿಟ್ಟರೆ ಇವನಿಗೆ ಬೇರೆ ಯಾರೂ ಇಲ್ಲವೇನೋ ಅನ್ನಿಸಿತು.

"ನೋಡೋಣ," ಅಂದಳು. ಬೇರಿಗಂಟಿದ ಗೊಬ್ಬರ ಉದುರಿಸಿ, ಮರಳು, ಜಲ್ಲಿ, ಹುಳಿ ಮಣ್ಣು ಬೆರೆಸಿ ಮತ್ತೆ ಕುಂಡಕ್ಕೇರಿಸಿದಳು.

ನರ್ಸರಿಯಲ್ಲಿ ಅವಳನ್ನು ಎಲ್ಲರೂ ಕಡ್ಡಿ ಅಂತಲೇ ಕರೆಯುತ್ತಿದ್ದರು. ಮೈಕಟ್ಟು ಸಪೂರ ಅನ್ನುವುದು ಒಂದು ಕಾರಣ. ಬೆಳಗಿಂದ ಸಂಜೆವರೆಗೆ ಗಾಳಿಕಂಟಿಯ ಎಳೆ ಕಡ್ಡಿಗಳನ್ನು ಚಿವುಟಿ ಮರಳಲ್ಲಿ ನೆಟ್ಟು ಬೇರು ಬರಿಸುವುದೇ ಅವಳ ಕೆಲಸ, ಅದೂ ಒಂದು ಕಾರಣ. ಆದರೆ ಹೆಸರಿಟ್ಟ ಯಜಮಾನಿಯನ್ನು ಕೇಳಿದರೆ, "ಅವಳ ಮಾತು ಕೇಳಿದೀರಾ? ಕಡ್ಡಿ ಮುರಿದ ಹಾಗೆ!" ಅನ್ನುತ್ತಿದ್ದರು.

ಮದುವೆಯ ಮಾತು ಎರಡು ಸಲ ಬಂದು, ಆ ಬಾಯಿಗೆ ಹೆದರಿ ಎರಡು ಸಲವೂ ಹಿಂದೆ ಸರಿದಿತ್ತು. ಈಗ ಅವಳು ನಲವತ್ತರ ಹೊಸ್ತಿಲಲ್ಲಿದ್ದಳು. ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅವಳೂ ಎತ್ತುತ್ತಿರಲಿಲ್ಲ.

* * *

ಅವನು ಕಲ್ಲಿನ ಕೆಲಸದವನು. ನರ್ಸರಿಯ ಎದುರಿನ ಕಣ್ಣಿನ ಆಸ್ಪತ್ರೆಯ ಮುಂದೆ ಒಂದು ಬೋಳು ಇಳಿಜಾರು ಇತ್ತು. ಅಲ್ಲಿ ಕಲ್ಲುಗಳ ನಡುವೆ ಗಾಳಿಕಂಟಿ ಹಬ್ಬಿಸಿ ತೋಟ ಮಾಡಬೇಕು ಅಂತ ದೊಡ್ಡ ಡಾಕ್ಟರಿಗೆ ಆಸೆ. ಕಲ್ಲು ಅವನದು, ಗಿಡ ನರ್ಸರಿಯದು. ಗಿಡದ ಜೊತೆ ಹೋಗಬೇಕಾದವಳು... ಇನ್ಯಾರು? ನಮ್ಮ ಕಡ್ಡಿ!

ಮೊದಲ ದಿನ ಇಬ್ಬರೂ ಮುಖ ಕೊಟ್ಟು ಮಾತಾಡಲಿಲ್ಲ.

ಎರಡನೆಯ ದಿನ ಅವನೇ ಬಾಯಿಬಿಟ್ಟ. "ಈ ಗಿಡ ನೆಲ ಬಿಟ್ಟು ಏಳೋದೇ ಇಲ್ವಲ್ಲ? ಮೊಣಕಾಲೂ ದಾಟಲ್ಲ."

"ಏಳಬಾರದು ಅಂತಾನೇ ಇದನ್ನ ಆರಿಸಿರೋದು. ವಾರ್ಡಿನ ಕಿಟಕಿಗೆ ಅಡ್ಡ ಬರಲ್ಲ. ಎಲೆ ಉದುರಿಸಿ ಬೋಳಾಗಲ್ಲ. ಕಣ್ಣುಪಟ್ಟಿ ಬಿಚ್ಚಿದ ದಿನ, ಯಾವ ಕಾಲದಲ್ಲೇ ಆಗ್ಲಿ, ಮೊದ್ಲು ಕಾಣೋದು ಹಸಿರಾಗಿರ್ಬೇಕಂತೆ."

ಅವನು ತಿರುಗಿ ವಾರ್ಡಿನ ಕಡೆ ನೋಡಿದ. ಜಗಲಿಯ ಬೆಂಚಿನ ಮೇಲೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮುದುಕರಿಬ್ಬರು ಬಿಸಿಲು ಕಾಯುತ್ತಿದ್ದರು. ಆಮೇಲೆ ಆಗಲೇ ಇಟ್ಟಾಗಿದ್ದ ಒಂದು ಕಲ್ಲನ್ನು ಕಿತ್ತು, ಸುತ್ತ ತಿರುಗಿಸಿ, ಮತ್ತೆ ಇಟ್ಟ.

"ಈಗೇನಾಯ್ತು ಅದಕ್ಕೆ?"

"ಮುಖ ಆಚೆ ಕಡೆ ಇತ್ತು. ನೋಡೋರು ಆ ಬೆಂಚಿನವರು ತಾನೇ!"

ಕಲ್ಲಿಗೂ ಮುಖವೇ! ಅವಳಿಗೆ ನಗು ಬಂತು. ನಕ್ಕಳು. ತಾನು ಕೊನೆಯ ಸಲ ಹಾಗೆ ಬಾಯಿತುಂಬ ನಕ್ಕಿದ್ದು ಯಾವಾಗ ಅಂತ ನೆನಪಾಗದೆ, ಅರ್ಧಕ್ಕೇ ನಿಲ್ಲಿಸಿದಳು.

ದಿನಗಳು ಹೋದವು. ಅವನು ಗುಂಡಿ ಬಿಟ್ಟ ಕಡೆ ಅವಳು ಮಣ್ಣು ತುಂಬುತ್ತಿದ್ದಳು. ಅವಳು ಗಿಡ ಇಟ್ಟ ಕಡೆ ಅವನು ಗಾಳಿಗೆ ಅಡ್ಡ ಒಂದು ಸಣ್ಣ ಕಲ್ಲು ನಿಲ್ಲಿಸುತ್ತಿದ್ದ. "ಗಾಳಿ ಬೇಕು ಇದಕ್ಕೆ, ಅಡ್ಡ ಹಾಕ್ಬೇಡಿ" ಎಂದು ಅವಳು ಅದನ್ನು ತೆಗೆಯುತ್ತಿದ್ದಳು. ಮರುದಿನ ನೋಡಿದರೆ ಕಲ್ಲು ಮತ್ತೆ ಅಲ್ಲೇ! ನೋಡುವವರಿಗೆ ಜಗಳ. ಅವರಿಬ್ಬರಿಗೆ ಮಾತ್ರ ಅದೇನೆಂದು ಗೊತ್ತಿತ್ತು, ಅಥವಾ ಗೊತ್ತಾಗುತ್ತಿತ್ತು.

ಒಂದು ಮಧ್ಯಾಹ್ನ ಟೀ ಕುಡಿಯುತ್ತ ಅವಳು ಕೇಳಿದಳು. "ಆ ಕುಂಡದ ಗಿಡ ಎಲ್ಲಿ ಸಿಕ್ತು ನಿಮಗೆ?"

"ಒಂದು ಹಳೇ ಗೋಡೆ ಕೆಡವೋಕೆ ಕರೆದಿದ್ರು. ಬಿರುಕಲ್ಲಿ ಬೆಳೆದಿತ್ತು. ಗೋಡೆ ಬಿದ್ಮೇಲೆ ಅದಕ್ಕೆ ಯಾರೂ ಇರ್ಲಿಲ್ಲ. ನಂಗೂ..." ಅವನು ಲೋಟದೊಳಗೆ ನೋಡಿದ. "ಒಂದು ಊರಲ್ಲಿ ಗೋಡೆ ಮುಗಿಯೋವರೆಗೆ ಇರ್ತೀನಿ. ಆಮೇಲೆ ಇನ್ನೊಂದು ಊರು. ಕಟ್ಟಿಕೊಂಡು ಹೋಗೋ ಸಾಮಾನು ಅಂದ್ರೆ ಉಳಿ, ಸುತ್ತಿಗೆ, ಈ ಕುಂಡ. ಎಷ್ಟೋ ಊರು ನೋಡಿದೆ ಅದೂ."

ಕಡ್ಡಿ ಅವನ ಲೋಟಕ್ಕೆ ಇನ್ನಷ್ಟು ಟೀ ಬಗ್ಗಿಸಿದಳು.

* * *

ಅವಳ ಕೋಣೆ ಬಸ್ಸು ಓಡಾಡುವ ಬೀದಿಯಲ್ಲಿ, ಒಬ್ಬ ದರ್ಜಿಯ ಅಂಗಡಿಯ ಮೇಲೆ. ಒಂದು ಮಂಚ, ಒಂದು ಒಲೆ, ಒಂದು ಕಿಟಕಿ. ಒಂದು ಕುರ್ಚಿಯೂ ಇತ್ತು. ಯಾರೂ ಕೂರುವವರಿಲ್ಲದೆ ಅದರ ಮೇಲೆ ಬಟ್ಟೆ ರಾಶಿ ಬಿದ್ದಿರುತ್ತಿತ್ತು.

ಸಂಜೆ ಬೀಗ ತೆಗೆದು ಒಳಗೆ ಹೋದರೆ, ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತಿತ್ತು. ಬೀಗ ಹಾಕಿದ ಮನೆಯಲ್ಲಿ ಇನ್ನೇನಾಗಬೇಕು? ಆದರೂ ಕೆಲವು ದಿನ ಅವಳು ಬಾಗಿಲಲ್ಲೇ ನಿಂತು ಆ ಲೋಟವನ್ನು ನೋಡುತ್ತಿದ್ದಳು. ಯಾರಾದರೂ ಅದನ್ನು ಒಂದು ಗೇಣು ಆಚೆ ಸರಿಸಿಟ್ಟಿದ್ದರೆ... ಬೈಯುವುದಕ್ಕಾದರೂ ಒಬ್ಬರು ಇರುತ್ತಿದ್ದರಲ್ಲ!

ರಜೆಯ ದಿನ ಇನ್ನೂ ಕಷ್ಟ. ಬೀಗ ಹಾಕಿದ ನರ್ಸರಿಗೆ ಹಿಂಬಾಗಿಲಿಂದ ಹೋಗಿ, ಮರಳಲ್ಲಿ ನೆಟ್ಟ ಕಡ್ಡಿಗಳ ಹತ್ತಿರ ಸುಮ್ಮನೆ ಕೂತು ಬರುತ್ತಿದ್ದಳು.

ಬೇರೆ ಊರಲ್ಲಿದ್ದ ತಂಗಿ ಫೋನ್ ಮಾಡಿದಾಗಲೆಲ್ಲ ಮೊದಲು ಅಕ್ಕನ ದನಿಯನ್ನು ಅಳೆಯುತ್ತಿದ್ದಳು. ಆ ವಾರ ಅಳತೆ ಬೇರೆ ಬಂತು.

"ಅಕ್ಕಾ... ಏನೋ ಆಗಿದೆ ನಿಂಗೆ."

"ಏನೂ ಇಲ್ವೇ."

"ಇಷ್ಟು ಹೊತ್ತಾಯ್ತು, ಒಂದು ಸಲಾನೂ ನಂಗೆ ಬೈದಿಲ್ಲ! ಯಾರೇ ಅವ್ರು?"

"ಕಲ್ಲಿನವ್ರು," ಅಂದುಬಿಟ್ಟಳು ಕಡ್ಡಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ, ಕೊನೆಗೂ ನಿನ್ನ ಬಾಯಿ ತಡ್ಕೊಳ್ಳೋ ಅಂಥದ್ದು ಒಂದು ಸಿಕ್ತಲ್ಲ! ಹೇಳಿದ್ಯಾ ಅವರಿಗೆ?"

"ಏನು ಹೇಳೋದು?"

"ಊರಿಗೆಲ್ಲಾ ಮುಖಕ್ಕೆ ಹೊಡೆದ ಹಾಗೆ ಹೇಳ್ತೀಯಲ್ಲ ಅಕ್ಕ, ನಿಂದೊಂದು ಹೇಳ್ಕೊಳ್ಳೋಕೆ ಏನು ಕಷ್ಟ?"

ಅದೇ ಕಷ್ಟ. ಬೇರೆಯವರ ತಪ್ಪು ಹೇಳುವುದಕ್ಕೆ ಬಾಯಿ ಸಾಕು. 'ನನಗೆ ನೀವು ಬೇಕು' ಅನ್ನುವುದಕ್ಕೆ ಬಾಯಿ ಸಾಲದು. ಬೇಕು ಅಂದ ಮೇಲೆ ಎದುರಿಗಿದ್ದವರು ಇಲ್ಲ ಅಂದರೆ? ಆಮೇಲೆ ಆ ಕೋಣೆಗೆ ವಾಪಸ್ ಹೋಗಿ ಆ ಲೋಟವನ್ನು ಹೇಗೆ ನೋಡುವುದು!

* * *

ಇಳಿಜಾರಿನ ಕೆಲಸ ಮುಗಿಯಿತು. ಕೊನೆಯ ಕಲ್ಲು ಇಟ್ಟ ಸಂಜೆ ಅವನು ಕುಂಡವನ್ನು ತಂದು ಅವಳ ಕೈಗೆ ಕೊಟ್ಟ.

"ಬೇರೆ ಊರಲ್ಲಿ ಒಂದು ಕೆಲಸ ಮಾತಾಡಿ ಬರ್ಬೇಕು. ಹದಿನೈದನೇ ದಿನ ಸಂಜೆ ಬಸ್ಸಿಗೆ ವಾಪಸ್ಸು. ವಾಪಸ್ ಬರೋ ಬಸ್ಸು ನಿಮ್ಮ ಕಿಟಕಿ ಕೆಳಗೇ ಬರುತ್ತಲ್ವಾ?"

"ಬರುತ್ತೆ. ದರ್ಜಿ ಅಂಗಡಿ ಮುಂದೇನೇ ನಿಲ್ಲುತ್ತೆ."

"ಇದನ್ನ ನಿಮ್ಮ ಕಿಟಕೀಲಿ ಇಟ್ಕೊಳ್ಳಿ..." ಅವನು ಕುಂಡದ ಅಂಚಿಗಂಟಿದ ಮಣ್ಣನ್ನು ಬೆರಳಿಂದ ಒರೆಸಿದ. "ಅಂದ್ರೆ, ನಿಮಗೆ ಇಷ್ಟ ಇದ್ರೆ. ಬರುವಾಗ ನೋಡ್ತೀನಿ. ನೋಡಿದ್ರೆ ಗೊತ್ತಾಗುತ್ತೆ ನಂಗೆ."

ಇಡೀ ಬದುಕಲ್ಲಿ ಅವನು ಹೊತ್ತು ತಿರುಗಿದ್ದ ಒಂದೇ ಒಂದು ಜೀವವನ್ನು ಅವಳ ಕೈಗೆ ಕೊಟ್ಟಿದ್ದ. ಅದರ ಅರ್ಥ ತಿಳಿಯದಷ್ಟು ದಡ್ಡಿಯಲ್ಲ ಅವಳು! ಬರುತ್ತಾನೆ. ಮೆಟ್ಟಿಲು ಹತ್ತುತ್ತಾನೆ. ಕೇಳುತ್ತಾನೆ. ಆಗ 'ಹೂಂ' ಅಂದರೆ ಸಾಕು. ಅಷ್ಟು ಸಣ್ಣ ಮಾತು ತನ್ನ ಬಾಯಿಂದಲೂ ಬರುತ್ತದೆ ಅಂದುಕೊಂಡಳು.

ಅವನು ಕೇಳುವುದನ್ನೆಲ್ಲ ಅಲ್ಲೇ ಕೇಳಿ ಮುಗಿಸಿದ್ದ ಅನ್ನುವುದು ಅವಳಿಗೆ ತಿಳಿಯಲಿಲ್ಲ. ಕಿಟಕಿಯಲ್ಲಿ ಗಿಡವಿದ್ದರೆ ಇಳಿಯುವುದು. ಇಲ್ಲದಿದ್ದರೆ ಅವಳಿಗೆ ಮುಜುಗರ ಕೊಡದೆ ಅದೇ ಬಸ್ಸಿನಲ್ಲಿ ಮುಂದೆ ಹೋಗುವುದು. ಅವನ ಮನಸ್ಸಿನಲ್ಲಿದ್ದದ್ದು ಅದು.

ಕುಂಡ ಕಿಟಕಿಗೆ ಬಂತು. ಕೋಣೆಯಲ್ಲಿ ಈಗ ಇನ್ನೊಂದು ಉಸಿರು. "ಬಂದೆ ಕಣೋ" ಅಂದು ಬೀಗ ತೆಗೆಯುತ್ತಿದ್ದಳು, "ಹೋಗ್ಬರ್ತೀನಿ" ಅಂದು ಬೀಗ ಹಾಕುತ್ತಿದ್ದಳು.

ಆದರೆ ವಾರ ಕಳೆಯುವಷ್ಟರಲ್ಲಿ ಗಿಡ ಮಂಕಾಯಿತು. ಕೆಳಗಿನ ದರ್ಜಿಯ ಇಸ್ತ್ರಿಯ ಬಿಸಿ, ಮುಚ್ಚಿದ ಗಾಳಿ. ಸೂಜಿಯಂಥ ಸಣ್ಣ ಎಲೆಗಳು ಕಂದು ಬಣ್ಣಕ್ಕೆ ತಿರುಗಿ ಕಿಟಕಿಯ ಹಲಗೆಯ ಮೇಲೆ ಉದುರತೊಡಗಿದವು. ಅವಳು ಬೆರಳಿಂದ ರೆಂಬೆಗಳನ್ನು ಬಿಡಿಸಿ ನೋಡಿದಳು. ನಡುವೆಲ್ಲ ಬೋಳು, ಒಣ ಕಟ್ಟಿಗೆ. ತುದಿಯಲ್ಲಷ್ಟೇ ಹಸಿರು. ವರ್ಷಗಟ್ಟಲೆ ಕುಂಡದಲ್ಲಿ ಬದುಕಿದ ಗಾಳಿಕಂಟಿ ಹೀಗಾಗುತ್ತದೆ. ಕತ್ತರಿಸಿದರೆ ಹಳೆಯ ಕಟ್ಟಿಗೆಯಿಂದ ಚಿಗುರು ಬರುವುದಿಲ್ಲ.

"ಇಲ್ಲ, ಇಲ್ಲ... ನೀನು ಸಾಯಕೂಡದು!" ಅಂದಳು ಜೋರಾಗಿ. "ಅವ್ರು ಬಂದಾಗ ನಾನೇನು ತೋರಿಸ್ಲಿ?"

ಅದಕ್ಕೆ ಇರುವುದು ಒಂದೇ ಮದ್ದು, ನರ್ಸರಿಯವರ ಮದ್ದು. ಅವಳು ಗಿಡವನ್ನು ನರ್ಸರಿಯ ಹಿಂದೆ, ಬೆಟ್ಟದ ಗಾಳಿ ನೇರವಾಗಿ ಬೀಸುವ ಸಸಿಮಡಿಗೆ ಒಯ್ದಳು. ಆಳದ ಗುಂಡಿ ತೋಡಿದಳು. ಇಡೀ ಗಿಡವನ್ನು ಅದರಲ್ಲಿ ಇಳಿಸಿ, ರೆಂಬೆಗಳ ನಡುವೆ ಮರಳು ಬೆರೆಸಿದ ಮಣ್ಣನ್ನು ಬೆರಳಿಂದ ತುರುಕಿ ತುರುಕಿ, ಕುತ್ತಿಗೆಯವರೆಗೆ ಹೂತಳು. ಹಸಿರು ತುದಿಗಳಷ್ಟೇ ಮೇಲೆ ಕಂಡವು.

ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. "ಏನೇ ಇದು, ಕಲ್ಲಿನವನ ಗಿಡಕ್ಕೆ ಸಮಾಧಿ ಕಟ್ತಿದ್ದೀಯಾ?"

"ನೀವೇ ಕಲಿಸಿದ್ದಲ್ವಾ ಅಮ್ಮ? ಹೂತ ರೆಂಬೆ ಒಂದೊಂದೂ ತನ್ನದೇ ಬೇರು ಬಿಡುತ್ತೆ. ಸಾಯೋ ಒಂದು ಗಿಡ, ಬದುಕೋ ಇಪ್ಪತ್ತು ಗಿಡ ಆಗುತ್ತೆ."

"ಯಾವಾಗ?"

"ವರ್ಷ ಬೇಕು. ಆಗ್ಲಿ. ನಂಗೇನು ಅವಸರ?" ಅಂದು ನಾಚಿಕೊಂಡಳು. ಕಡ್ಡಿ ನಾಚಿಕೊಂಡದ್ದನ್ನು ಯಜಮಾನಿ ಅವತ್ತೇ ಮೊದಲು ನೋಡಿದ್ದು.

ಖಾಲಿ ಕುಂಡವನ್ನು ಮನೆಗೆ ತಂದು, ತಿಕ್ಕಿ ತೊಳೆದು, ಕಿಟಕಿಯಲ್ಲಿ ಒಣಗಲು ಬೋರಲು ಹಾಕಿದಳು.

ನರ್ಸರಿಯಲ್ಲಿ ದುಡಿಯುವವರ ಮನೆಗೆ ಹೋಗಿ ನೋಡಿ, ಖಾಲಿ ಕುಂಡ ಬಾಯಿ ಮೇಲೆ ಮಾಡಿಕೊಂಡು ಕೂತಿರುವುದಿಲ್ಲ. ನೀರು ನಿಂತು ಪಾಚಿ ಕಟ್ಟುತ್ತದೆ, ಹುಳ ಸೇರುತ್ತದೆ. ಅದು ಅವರ ಕೈಗೆ ಅಂಟಿದ ಅಭ್ಯಾಸ. ಬೀದಿಯಿಂದ ನೋಡುವ ಒಂದು ಜೊತೆ ಕಣ್ಣಿಗೆ ಅದು ಹೇಗೆ ಕಾಣಬಹುದು ಅನ್ನುವ ಯೋಚನೆ ಅವಳಿಗೆ ಬರಲೇ ಇಲ್ಲ.

ಅವನು ಬರುವ ದಿನ ಬಂತು.

ಕುರ್ಚಿಯ ಮೇಲಿನ ಬಟ್ಟೆ ರಾಶಿ ಖಾಲಿಯಾಯಿತು. ಅಂಗಡಿಯಿಂದ ಇನ್ನೊಂದು ಲೋಟ ಬಂತು. ಒಲೆಯ ಮೇಲೆ ಟೀ ನೀರಿಟ್ಟು ಅವಳು ಬಸ್ಸಿನ ಸದ್ದಿಗೆ ಕಿವಿಗೊಟ್ಟು ನಿಂತಳು.

ಬಸ್ಸು ಬಂತು. ನಿಂತಿತು. ಬಾಗಿಲು ತೆರೆದ ಸದ್ದು... ಮುಚ್ಚಿದ ಸದ್ದು... ಹೊರಟ ಸದ್ದು.

ಈಗ ಮೆಟ್ಟಿಲು ಹತ್ತುತ್ತಿರಬೇಕು. ಈಗ... ಈಗ...

ಟೀ ನೀರು ಕುದಿದು ಕುದಿದು ಇಂಗಿತು. ಮೆಟ್ಟಿಲ ಮೇಲೆ ಯಾರ ಹೆಜ್ಜೆಯೂ ಕೇಳಲಿಲ್ಲ.

ಅವನು ಆ ಬಸ್ಸಿನಲ್ಲಿದ್ದ. ಚೀಲ ಹೆಗಲಿಗೆ ಹಾಕಿ ಎದ್ದೂ ನಿಂತಿದ್ದ. ಬಗ್ಗಿ ಕಿಟಕಿ ನೋಡಿದ. ಗಿಡವಿರಲಿಲ್ಲ. ಬೋರಲು ಬಿದ್ದ ಕುಂಡವಿತ್ತು. 'ಬೇಡ' ಅನ್ನುವುದನ್ನು ಇದಕ್ಕಿಂತ ಬಿಡಿಸಿ ಹೇಳಲು ಯಾರಿಗಾದರೂ ಸಾಧ್ಯವೇ! ಕಡ್ಡಿ ಮುರಿದ ಹಾಗೆ ಹೇಳಿದ್ದಾಳೆ ಅಂದುಕೊಂಡ. ಮತ್ತೆ ಸೀಟಿಗೆ ಕೂತ. ಬಸ್ಸು ಮುಂದೆ ಹೋಯಿತು.

* * *

ಹೋದವನು ಬರಲಿಲ್ಲ.

ಮೊದಲ ವಾರ ಅವಳು ಪ್ರತಿ ಬಸ್ಸಿಗೂ ಕಿವಿಗೊಟ್ಟಳು. ಆಮೇಲೆ ಬಸ್ಸಿನ ಸದ್ದು ಕೇಳಿದರೆ ನಲ್ಲಿ ತಿರುಗಿಸಿ ಪಾತ್ರೆ ತೊಳೆಯತೊಡಗಿದಳು, ತೊಳೆದ ಪಾತ್ರೆಯನ್ನೇ. ಅವನ ನಂಬರು ಅವಳ ಫೋನಿನಲ್ಲಿತ್ತು. ಎಷ್ಟು ಸಲ ಅದರ ಮೇಲೆ ಬೆರಳಿಟ್ಟಳೋ, ಅಷ್ಟು ಸಲ ತೆಗೆದಳು.

'ಬರುವ ಮನಸ್ಸಿದ್ದರೆ ಬರುತ್ತಿದ್ದರು. ಗಿಡ ಹೊತ್ತು ಸಾಕಾಗಿತ್ತು, ಒಬ್ಬಳು ಸಿಕ್ಕಳು, ಕೊಟ್ಟು ಹೋದರು. ಅಷ್ಟೇ! ಅದಕ್ಕೆ ಇಲ್ಲದ ಅರ್ಥ ಕಟ್ಟಿಕೊಂಡವಳು ನಾನೇ...'

ತಂಗಿ ಕೇಳಿದಾಗ, "ಕಲ್ಲಿನ ಕೆಲಸ ಮುಗೀತು, ಹೋದ್ರು" ಅಂದಳು. ತಂಗಿ ಮಾತು ಬದಲಿಸಿ ತನ್ನೂರಿನ ಮಳೆಯ ಸುದ್ದಿ ಹೇಳಿದಳು. ಬೈದಿದ್ದರೂ ಚೆನ್ನಾಗಿತ್ತು.

ಚಳಿ ಬಂತು, ಹೋಯಿತು. ಕುರ್ಚಿಯ ಮೇಲೆ ಮತ್ತೆ ಬಟ್ಟೆ ರಾಶಿಯಾಯಿತು. ಹೊಸ ಲೋಟ ಕಾಗದದ ಸುತ್ತಿನಲ್ಲೇ ಮೂಲೆ ಸೇರಿತು.

ಆಸ್ಪತ್ರೆಯ ಇಳಿಜಾರಿನಲ್ಲಿ ಗಾಳಿಕಂಟಿ ಮೊದಲ ಸಲ ಹೂಬಿಟ್ಟಿತು. ಅಕ್ಕಿಕಾಳಿನಷ್ಟು ಸಣ್ಣ ತಿಳಿನೇರಳೆ ಗಂಟೆಗಳು, ಲೆಕ್ಕವಿಲ್ಲದಷ್ಟು. ಆ ಬೆಳಿಗ್ಗೆ ಒಬ್ಬ ಅಜ್ಜಿಯ ಕಣ್ಣುಪಟ್ಟಿ ಬಿಚ್ಚಿದ್ದರು. ಆಕೆ ಜಗಲಿಯ ಕಂಬ ಹಿಡಿದು ನಿಂತು, "ಅಯ್ಯಯ್ಯೋ... ನೆಲಾನೇ ಬಣ್ಣ ಆಗಿದ್ಯಲ್ಲೇ!" ಅಂದರು. ಪಕ್ಕದಲ್ಲಿದ್ದ ಮಗಳು ಅತ್ತಳು.

ಕಡ್ಡಿ ಕತ್ತರಿ ಹಿಡಿದು ಒಂದು ಕಲ್ಲಿನ ಮೇಲೆ ಕೂತಿದ್ದಳು. ಅಜ್ಜಿ ಅಂದದ್ದನ್ನು ಹೇಳಬೇಕು ಅನ್ನಿಸಿತು. ಈಗಲೇ, ಇದೇ ಕ್ಷಣ ಅವನಿಗೆ ಹೇಳಬೇಕು ಅನ್ನಿಸಿತು. ಪಕ್ಕಕ್ಕೆ ತಿರುಗಿದಳು. ಅಲ್ಲಿ ಗಾಳಿ ಬಿಟ್ಟರೆ ಯಾರೂ ಇರಲಿಲ್ಲ.

ಒಂಟಿತನ ಅವಳಿಗೆ ಹೊಸದಲ್ಲ. ಆದರೆ ಮೊದಲು ಅದಕ್ಕೆ ಮುಖವಿರಲಿಲ್ಲ. ಈಗ ಅದಕ್ಕೆ ರೆಪ್ಪೆಯ ಮೇಲೆ ಕಲ್ಲಿನ ಪುಡಿ ಹತ್ತಿದ ಒಂದು ಮುಖವಿತ್ತು.

* * *

ಗಿಡ ಹೂತು ವರ್ಷ ತುಂಬಿತು, ಗಾಳಿಕಾಲ ಮತ್ತೆ ಬಂತು. ಕಡ್ಡಿ ಹಿಂದಿನ ಮಡಿಗೆ ಹೋಗಿ, ಹೂತ ಗಿಡವನ್ನು ಅಗೆದಳು. ಬೆರಳಿಂದ ಮಣ್ಣು ಸರಿಸಿದಳು. ಬೋಳಾಗಿದ್ದ ರೆಂಬೆರೆಂಬೆಗೂ ಕೂದಲಿನಂಥ ಬೆಳ್ಳನೆಯ ಬೇರು!

"ಬದುಕ್ತು ಅಮ್ಮಾ... ಎಲ್ಲಾ ಬದುಕ್ತು!" ಎಂದು ಕೂಗಿದವಳು, ಅಲ್ಲೇ ಕುಕ್ಕರಿಸಿ ಬಿಕ್ಕಿ ಬಿಕ್ಕಿ ಅತ್ತಳು.

ಯಜಮಾನಿ ಬಂದು ಪಕ್ಕದಲ್ಲಿ ನಿಂತರು. ಯಾವತ್ತೂ ಜೋರು ಬಾಯಿಯ ಹೆಂಗಸು ಅವತ್ತು ದನಿ ತಗ್ಗಿಸಿ ಮಾತಾಡಿದರು.

"ಹೇಳ್ಬಾರ್ದು ಅಂತಿದ್ದೆ. ಕಲ್ಲಿನವನು ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದ. ಒಂದು ಲೈಬ್ರರಿ ಅಂಗಳದಲ್ಲಿ ಕೆಲಸವಂತೆ. ಗಾಳಿಕಂಟಿ ಬೇಕಂತೆ. ನಾಳೆ ವ್ಯಾನು ಹೋಗ್ಬೇಕು."

ಕಡ್ಡಿ ಮೂಗು ಒರೆಸಿಕೊಂಡಳು. "ಕಳಿಸಿ. ನಂಗೇನು?"

"ಗಿಡದ ಜೊತೆ ನಿನ್ನ ಕಳಿಸ್ಬೇಡಿ ಅಂದ."

ಅವಳ ಮುಖ ಕಪ್ಪಿಟ್ಟಿತು. "ಅಷ್ಟು ಬೇಡವಾದ್ನಾ ನಾನು?"

"ತಡೀ. ಮಾತು ಮುಗಿದಿಲ್ಲ. 'ಅವರಿಗೆ ಮುಜುಗರ ಆಗುತ್ತೆ ಅಮ್ಮ. ಅವರ ಉತ್ತರ ನಾನು ಕಿಟಕೀಲೇ ನೋಡಿದೀನಿ' ಅಂದ. ಯಾವ ಕಿಟಕಿ, ಯಾವ ಉತ್ತರ? ನಂಗಂತೂ ತಲೆಬುಡ ಅರ್ಥ ಆಗ್ಲಿಲ್ಲ."

ಕಿಟಕಿ...

'ನಿಮಗೆ ಇಷ್ಟ ಇದ್ರೆ. ನೋಡಿದ್ರೆ ಗೊತ್ತಾಗುತ್ತೆ ನಂಗೆ.'

ಅವನು ಏನು ನೋಡಿರಬಹುದು? ಬಸ್ಸಿನಲ್ಲಿ ಕೂತು, ಬಗ್ಗಿ, ಮೇಲೆ...

"ಅಯ್ಯೋ!" ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಅಮ್ಮಾ... ಕುಂಡ ಬೋರಲು ಹಾಕಿದ್ದೆ! ತೊಳೆದು ಬೋರಲು ಹಾಕಿದ್ದೆ!"

"ಹೂಂ. ಮತ್ತೇನು, ನೆಟ್ಟಗೆ ಇಡ್ತಾರಾ?" ಅಂದರು ಯಜಮಾನಿ, ಜನ್ಮವಿಡೀ ನರ್ಸರಿಯಲ್ಲಿ ಕಳೆದವರು. ಆಮೇಲೆ ಅವರಿಗೂ ಹೊಳೆಯಿತು. ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು.

"ಒಂದು ವರ್ಷ ಅಮ್ಮ... ಒಂದು ವರ್ಷ ಅವ್ರು ನಾನು ಬೇಡ ಅಂದೆ ಅಂದ್ಕೊಂಡಿದಾರೆ!"

"ಹಾಗಿದ್ರೆ ಇಲ್ಲಿ ಯಾಕೆ ಕೂತಿದ್ದೀಯೇ? ನಾಳೆ ವ್ಯಾನಿಗೆ ಹತ್ತು! ಈ ಬೇರು ಬಂದಿರೋ ಗಿಡಾನೂ ತಗೊಂಡು ಹೋಗು, ತೋರಿಸು."

ಕಡ್ಡಿ ಗಿಡವನ್ನು ನೋಡಿದಳು. ಮಣ್ಣನ್ನು ಮೆಲ್ಲಗೆ ಅದರ ಮೇಲೆ ಎಳೆದಳು.

"ಬೇಡ. ಇಬ್ರೂ ಗಿಡದ ಕೈಲಿ ಮಾತಾಡಿಸಿದ್ದಕ್ಕೇ ಹೀಗಾಗಿದ್ದು. ಈ ಸಲ ನಾನೇ ಹೇಳ್ತೀನಿ."

ಹೇಳುತ್ತೇನೆ ಅಂದಳು ನಿಜ. ಮರುದಿನ ವ್ಯಾನಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಲ್ಲೇ ಜೋಡಿಸುತ್ತ, ಕೆಡವುತ್ತ ಕೂತಿದ್ದಳು. 'ಅವರು ಇಲ್ಲ ಅಂದರೆ? ಒಂದು ವರ್ಷದಲ್ಲಿ ಮನಸ್ಸು ಬೇರೆ ಕಡೆ ಹೋಗಿದ್ದರೆ?' ಹೋದರೆ ಹೋಗಲಿ. ಹೇಳದೆ ಕಳೆದುಕೊಂಡದ್ದು ಎಷ್ಟು ನೋಯುತ್ತದೆ ಅನ್ನುವುದು ಅವಳಿಗೆ ಈಗ ಗೊತ್ತಿತ್ತು.

* * *

ಲೈಬ್ರರಿಯ ಅಂಗಳದಲ್ಲಿ ಅವನು ಮಂಡಿಯೂರಿ ಕೂತು ಒಂದು ಕಲ್ಲಿಗೆ ಮಣ್ಣು ಕೊಡುತ್ತಿದ್ದ. ವ್ಯಾನಿನ ಸದ್ದಿಗೆ ತಿರುಗಿ ನೋಡದೆಯೇ, "ಗಿಡ ನೆರಳಲ್ಲಿ ಇಳಿಸಿ" ಅಂದ.

"ನೆರಳಲ್ಲಿ ಯಾಕೆ? ಗಾಳಿ, ಬಿಸಿಲು ಎರಡೂ ಬೇಕು ಅಂತ ಎಷ್ಟು ಸಲ ಹೇಳ್ಬೇಕು ನಿಮಗೆ?"

ಅವನ ಕೈಯ ಕರಣೆ ಜಾರಿ ಕಲ್ಲಿಗೆ ಬಡಿಯಿತು. ಮೆಲ್ಲಗೆ ಎದ್ದ. ಸೊರಗಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ನೀವು... ನಿಮ್ಮನ್ನ ಕಳಿಸ್ಬೇಡಿ ಅಂತ..."

"ಅಂದ್ರಂತೆ. ಗೊತ್ತಾಯ್ತು. ಈಗ ನೀವು ಬಾಯಿ ಮುಚ್ಕೊಂಡು ನಾನು ಹೇಳೋದು ಕೇಳಿ. ನಡುವೆ ಮಾತಾಡಿದ್ರೆ ನಂಗೆ ಆಮೇಲೆ ಹೇಳೋಕಾಗಲ್ಲ!"

ಅವನು ಬಾಯಿ ಮುಚ್ಚಿಕೊಂಡ.

"ನಿಮ್ಮ ಗಿಡಾನ ಹೂತೆ."

"ಹೂತ್ರಾ?!"

"ಮಾತಾಡ್ಬೇಡಿ ಅಂದೆ! ಕುಂಡದಲ್ಲಿ ಸಾಯ್ತಿತ್ತು. ಕುತ್ತಿಗೆವರೆಗೆ ಮಣ್ಣಲ್ಲಿ ಹೂತ್ರೆ ರೆಂಬೆಗೊಂದೊಂದು ಬೇರು ಬರುತ್ತೆ. ಬಂದಿದೆ, ನಿನ್ನೆ ಅಗೆದು ನೋಡಿದೆ. ನೀವು ಕೊಟ್ಟಿದ್ದು ನನ್ನ ಕೈಲಿ ಸಾಯಬಾರದು ಅಂತ ಹಾಗೆ ಮಾಡಿದ್ದು. ಖಾಲಿ ಕುಂಡ ತೊಳೆದು ಬೋರಲು ಹಾಕಿದ್ದೆ, ಒಣಗ್ಲಿ ಅಂತ. ನಾವು ಹಾಗೇ ಇಡೋದು. ಅದು ಉತ್ತರ ಅಲ್ಲ... ಅದು ಬರೀ ಕುಂಡ!"

ಅವನು ತಲೆಯ ಮೇಲೆ ಕೈಯಿಟ್ಟುಕೊಂಡ.

"ಅವತ್ತು ಟೀಗೆ ನೀರಿಟ್ಟು ಕಾಯ್ತಿದ್ದೆ. ನಿಮಗೆ ಅಂತ ಹೊಸ ಲೋಟ ತಂದಿದ್ದೆ. ಬಸ್ಸು ನಿಲ್ತು... ನೀವು ಇಳೀಲಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ತಟ್ಟೋಕೆ ಏನಾಗಿತ್ರೀ ನಿಮಗೆ? ಅಷ್ಟು ಭಾರದ ಕಲ್ಲು ಎತ್ತುತ್ತೀರಿ!"

"ಹೆದರಿಕೆ," ಅಂದ ಅವನು. "ಬಾಗಿಲು ತೆಗೆದು ನೀವೇ ಬೇಡ ಅಂದ್ರೆ... ಅದನ್ನ ಕೇಳಿಸ್ಕೊಂಡು ಮೆಟ್ಟಿಲು ಇಳಿಯೋ ಶಕ್ತಿ ನಂಗಿರ್ಲಿಲ್ಲ. ಅದಕ್ಕೇ ಕಿಟಕಿ ಅಂದಿದ್ದು. ದೂರದಿಂದ ನೋಡ್ಕೊಂಡು ಹೋಗಬಹುದಲ್ಲ ಅಂತ."

ಅವಳ ಕಣ್ಣು ತುಂಬಿತು. ಇಡೀ ವರ್ಷ ತನಗೊಬ್ಬಳಿಗೇ ಹೆದರಿಕೆ ಅಂದುಕೊಂಡಿದ್ದಳು!

"ನಂಗೂ ಅದೇ ಹೆದರಿಕೆ," ಅಂದಳು. "ಅದಕ್ಕೇ ಫೋನ್ ಮಾಡ್ಲಿಲ್ಲ. ಈಗ್ಲೂ ಹೋಗಿಲ್ಲ. ಆದ್ರೂ ಹೇಳ್ತೀನಿ. ನಂಗೆ ನೀವು ಬೇಕು. ಗಿಡ ಅಲ್ಲ, ಕುಂಡ ಅಲ್ಲ... ನೀವು. ಈಗ ನೀವು ಬೇಡ ಅನ್ನೋದಿದ್ರೆ ಮುಖ ನೋಡಿ ಬೇಡ ಅನ್ನಿ. ವ್ಯಾನು ಕಾಯ್ತಾ ಇದೆ."

ಅವನು ಅಂಗಳ ದಾಟಿ ವ್ಯಾನಿನ ಹತ್ತಿರ ಹೋದ. ಅವನು ಡ್ರೈವರಿಗೆ, "ಗಿಡ ಇಳಿಸಿ ನೀವು ಹೊರಡಿ ಅಣ್ಣ. ಇವರನ್ನ ನಾನು ಕರ್ಕೊಂಡು ಬರ್ತೀನಿ" ಅಂದ.

ಅವಳು ಅಲ್ಲೇ ಕಲ್ಲಿನ ಮೇಲೆ ಕೂತಳು. ಅವನು ಬಂದು ಎದುರಿಗೆ ನೆಲದ ಮೇಲೆ ಕೂತ. ಡ್ರೈವರು ಗಿಡ ಇಳಿಸಿ ಹೊರಟ.

"ನಾನು ಎಲ್ಲೂ ನಿಂತವನಲ್ಲ," ಅಂದ ಕೊನೆಗೆ. "ಒಂದು ಕಡೆ ಇರೋದು ಹೇಗೆ ಅಂತಾನೇ ಗೊತ್ತಿಲ್ಲ ನಂಗೆ. ಕಲೀಬೇಕು."

"ನಂಗೂ ಒಬ್ಬರ ಜೊತೆ ಇರೋದು ಗೊತ್ತಿಲ್ಲ. ಬೈದುಬಿಡ್ತೀನಿ."

"ಗೊತ್ತು. ಮೊದಲ ದಿನಾನೇ ಬೈಸ್ಕೊಂಡಿದೀನಿ."

ಅವಳು ಅಳುತ್ತಲೇ ನಕ್ಕಳು. "ತಪ್ಪು ತಿಳ್ಕೊಳ್ತೀವಿ. ಮತ್ತೆ ಮತ್ತೆ ತಿಳ್ಕೊಳ್ತೀವಿ."

"ತಿಳ್ಕೊಂಡಾಗ?"

"ಕೇಳ್ಬೇಕು. ಊಹೆ ಮಾಡ್ಕೊಂಡು ಬಸ್ಸಲ್ಲಿ ಹೋಗ್ಬಿಡಬಾರ್ದು. ಬಾಯಿಬಿಟ್ಟು ಕೇಳ್ಬೇಕು."

"ಹಾಗಿದ್ರೆ ಈಗ್ಲೇ ಒಂದು ಕೇಳ್ಲಾ?"

ಅವಳು ತಲೆಯಾಡಿಸಿದಳು. ಇನ್ನೇನು ದೊಡ್ಡ ಪ್ರಶ್ನೆಯೋ ಅಂತ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಅವನು ಅವಳ ಬಾಡಿದ ಮುಖವನ್ನು ನೋಡಿದ. ಮಣ್ಣಿನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಅವಳ ಕೈಯನ್ನು ಮೆಲ್ಲಗೆ ಹಿಡಿದ.

"ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀರಾ? ಹಸಿವಾಗಿದ್ಯಾ?"

ಅವಳು ಎಂದಿನ ಅಭ್ಯಾಸದಲ್ಲಿ 'ಇಲ್ಲ' ಅನ್ನಲು ಬಾಯಿ ತೆರೆದಳು. ಅದನ್ನು ನುಂಗಿಕೊಂಡಳು. ಅವನು ಕೈ ಬಿಡದೆ ಕಾದ.

"ಆಗಿದೆ," ಅಂದಳು. "ತುಂಬಾ ಆಗಿದೆ..."

"ಬನ್ನಿ," ಅಂದ ಅವನು. "ಜೊತೆಗೆ ಕೂತು ಊಟ ಮಾಡೋಣ."